ಕೊಟೇಷನ್ನಿನಲ್ಲಿ ಬರೆಯದ ಖರ್ಚು

ಶಾಖೆಗಳಿಗೆ ಸರ್ವರ್ ಕೊಳ್ಳುವ ವಿಷಯ ಎದ್ದಾಗ ಆಡಳಿತ ಮಂಡಳಿಯ ಮೇಜಿಗೆ ಮೂರು ಕೊಟೇಷನ್ ಬರುತ್ತವೆ. ಒಂದು ರಾಯಚೂರಿನದು, ಒಂದು ಬಳ್ಳಾರಿಯದು, ಇನ್ನೊಂದು ಬೆಂಗಳೂರಿನದೋ ಹೈದರಾಬಾದಿನದೋ. ಮೂರರಲ್ಲೂ ಸಾಲುಗಳು ಅವೇ: ಯಂತ್ರ ಇಷ್ಟು, ಲೈಸೆನ್ಸ್ ಇಷ್ಟು, ಅಳವಡಿಕೆ ಇಷ್ಟು, ಮೇಲೆ ಜಿಎಸ್‌ಟಿ. ಕಡಿಮೆ ಮೊತ್ತದ ಕಾಗದಕ್ಕೆ ಸಹಿ ಬೀಳುತ್ತದೆ, ಚಹಾ ಬರುತ್ತದೆ, ಮುಂದಿನ ವಿಷಯ. ಸೋಮವಾರ ಬೆಳಿಗ್ಗೆ ಶಾಖೆಯ ಯಂತ್ರ ಏಳದೇ ಹೋದರೆ ಹತ್ತಕ್ಕೆ ಕೌಂಟರ್ ತೆರೆಯುವುದರೊಳಗೆ ಅದನ್ನು ಎಬ್ಬಿಸುವವರು ಯಾರು ಎಂಬ ಸಾಲು ಮಾತ್ರ ಮೂರರಲ್ಲಿ ಒಂದರಲ್ಲೂ ಇರುವುದಿಲ್ಲ.

ನನ್ನ ವಾದವೆಲ್ಲ ಆ ಸಾಲಿನದು. ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರುಗಳಲ್ಲಿ ಯಾವ ವರ್ಚುವಲೈಸೇಷನ್ ಸಾಫ್ಟ್‌ವೇರ್ ಅಗ್ಗ ಎಂದು ಕೇಳುವುದಕ್ಕೆ ಮುಂಚೆ, ಕೆಟ್ಟಾಗ ಅದನ್ನು ಊರಿನ ಕೈಯೇ ಅರ್ಧ ದಿನದಲ್ಲಿ ಮೊದಲಿನ ಸ್ಥಿತಿಗೆ ತರಬಲ್ಲದೇ ಎಂದು ಕೇಳಬೇಕು. ಹೌದು ಎಂಬ ಉತ್ತರ ಸಿಗದ ವ್ಯವಸ್ಥೆ ಬಿಟ್ಟಿ ಸಿಕ್ಕರೂ ತುಟ್ಟಿಯೇ.

ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸಿಂಧನೂರಿಗೆ ಭತ್ತ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ವ್ಯಾಪಾರವೇ ಜೀವ. ಅತ್ತ ಲಿಂಗಸುಗೂರಿಗೆ ಹಟ್ಟಿ ಚಿನ್ನದ ಗಣಿಯ ನೆರೆ. ನಡುವೆ, 2017ರ ಬಜೆಟ್ಟಿನಲ್ಲಿ ತಾಲ್ಲೂಕು ಎಂದು ಘೋಷಣೆಯಾದ ಮಸ್ಕಿ. ಸಿಂಧನೂರಿನಲ್ಲಿ ಮುಖ್ಯ ಕಚೇರಿ, ಉಳಿದೆರಡರಲ್ಲಿ ಶಾಖೆ ಇಟ್ಟುಕೊಂಡ ಪತ್ತಿನ ಸೌಹಾರ್ದ ಸಹಕಾರಿ, ಗೊಬ್ಬರ–ಬೀಜದ ಡೀಲರ್, ನರ್ಸಿಂಗ್ ಹೋಮ್ ಇಂಥವು ಈ ರಸ್ತೆಗುಂಟ ಬೇಕಾದಷ್ಟು. ಒಂದೊಂದು ಶಾಖೆಯಲ್ಲಿ ನಾಲ್ಕರಿಂದ ಹತ್ತು ಕಂಪ್ಯೂಟರ್. ಇವರಿಗೆ ಡೇಟಾ ಸೆಂಟರ್ ಬೇಡ. ಆದರೆ ಒಂದು ಟೇಬಲ್ಲಿನ ಕೆಳಗೆ ಕಾಲಿಗೆ ತಾಗುವ ಪಿಸಿಯನ್ನೇ ‘ಸರ್ವರ್’ ಎಂದು ಕರೆದುಕೊಂಡು ಇರುವುದೂ ಸಾಕಾಗದು.

ಒಂದು ಯಂತ್ರದೊಳಗೆ ಹಲವು ಯಂತ್ರಗಳನ್ನು ನಡೆಸುವುದಕ್ಕೆ ವರ್ಚುವಲೈಸೇಷನ್ ಎನ್ನುತ್ತಾರೆ. ದೊಡ್ಡ ವಾಡೆಯಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಒಂದೇ ಸೂರಿನ ಕೆಳಗೆ ಇದ್ದಂತೆ. ಟ್ಯಾಲಿ ಒಂದರಲ್ಲಿ, ಪಿಗ್ಮಿ ಮತ್ತು ಸಾಲದ ಲೆಕ್ಕ ಇನ್ನೊಂದರಲ್ಲಿ, ಹಾಜರಾತಿ ಮತ್ತು ಫೈಲ್ ಹಂಚಿಕೆ ಮತ್ತೊಂದರಲ್ಲಿ. ಒಂದು ಕೆಟ್ಟರೆ ಇನ್ನೊಂದು ಕೆಡುವುದಿಲ್ಲ. ಸಣ್ಣ ಊರಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಪಯೋಗ ಬೇರೆಯಿದೆ. ಇಡೀ ಯಂತ್ರವೇ ಒಂದೆರಡು ಫೈಲುಗಳಾಗಿ ಕುಳಿತಿರುವುದರಿಂದ ಆ ಫೈಲುಗಳನ್ನು ಎತ್ತಿಕೊಂಡು ಹೋಗಿ ಬೇರೆ ಯಾವುದೇ ಕಂಪನಿಯ ಯಂತ್ರದ ಮೇಲೆ ಓಡಿಸಬಹುದು. ಮದರ್‌ಬೋರ್ಡ್ ಸುಟ್ಟರೆ ಅದೇ ಮಾದರಿಯದಕ್ಕಾಗಿ ವಾರಗಟ್ಟಲೆ ಕಾಯುವ ಗೋಳು ತಪ್ಪುತ್ತದೆ.

ಗಿರಣಿಗಳ ವೇಬ್ರಿಡ್ಜ್ ಕೋಣೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾರಿಯ ತೂಕ ಬರೆಯುವ ಪ್ರೋಗ್ರಾಂ ಹತ್ತು–ಹದಿನೈದು ವರ್ಷ ಹಿಂದಿನದು. ಬರೆದುಕೊಟ್ಟವರು ಊರು ಬಿಟ್ಟಿರುತ್ತಾರೆ. ಅದು ವಿಂಡೋಸ್ 7ರ ಮೇಲಷ್ಟೇ ಓಡುತ್ತದೆ; ಆ ವಿಂಡೋಸಿಗೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ. ತೂಕದ ಇಂಡಿಕೇಟರಿನಿಂದ ಸೀರಿಯಲ್ ಕೇಬಲ್, ಹಿಂದೆ ಒಂದು ಯುಎಸ್‌ಬಿ ಡಾಂಗಲ್. ಪಿಸಿಯ ಮೇಲೆಲ್ಲ ತೌಡಿನ ಧೂಳು. ಈ ಮುದಿ ಯಂತ್ರವನ್ನು ಹಾಗೇ ವರ್ಚುವಲ್ ಪ್ರತಿಯಾಗಿ ಮಾಡಿಕೊಂಡು, ಸೀರಿಯಲ್ ಪೋರ್ಟ್ ಮತ್ತು ಡಾಂಗಲನ್ನು ಅದರೊಳಕ್ಕೆ ದಾಟಿಸಿ, ಇಂಟರ್ನೆಟ್ಟಿನಿಂದ ಬೇರ್ಪಡಿಸಿಟ್ಟರೆ ಹಾರ್ಡ್‌ಡಿಸ್ಕ್ ಸಾಯುವ ಭಯವಾದರೂ ಹೋಗುತ್ತದೆ. ಇಷ್ಟಕ್ಕೇ ವರ್ಚುವಲೈಸೇಷನ್ ಸಾರ್ಥಕ ಎನ್ನುವ ಗಿರಣಿ ಮಾಲೀಕರಿದ್ದಾರೆ. ಅವರ ಮಾತಿನಲ್ಲಿ ತಪ್ಪಿಲ್ಲ.

ಆದರೆ ಎಲ್ಲ ಶಾಖೆಗೂ ಸರ್ವರ್ ಬೇಕೇ? ಈ ಪ್ರಶ್ನೆಯನ್ನು ಮಾರುವವರು ಕೇಳುವುದಿಲ್ಲ, ಕೊಳ್ಳುವವರಿಗೆ ಹೊಳೆಯುವುದಿಲ್ಲ. ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡಿ, ಶಾಖೆಯಲ್ಲಿ ಬ್ರೌಸರ್ ಇದ್ದರೆ ಸಾಕು ಎನ್ನುವ ವಾದವೂ ಬಲವಾಗಿದೆ. ಸರ್ಕಾರ ಆ ದಾರಿಯನ್ನೇ ಹಿಡಿದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದಾಗ ಗೊತ್ತುಮಾಡಿದ್ದು ಕ್ಲೌಡ್ ಆಧಾರಿತ ಸಾಮಾನ್ಯ ಸಾಫ್ಟ್‌ವೇರನ್ನೇ.

ನಮ್ಮ ಕಂದಾಯ ಇಲಾಖೆಯ ಕಥೆಯೂ ಇದೇ ದಿಕ್ಕಿನದು. ‘ಭೂಮಿ’ ಯೋಜನೆ 2001ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಿಗೆ ಬಂದಾಗ ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು, ದತ್ತಾಂಶವೂ ಅಲ್ಲೇ. ಮಸ್ಕಿಯ ರೈತ ಲಿಂಗಸುಗೂರಿಗೆ ಬಂದು 15 ರೂಪಾಯಿ ಕೊಟ್ಟು ಪಹಣಿ ಒಯ್ಯುತ್ತಿದ್ದ. ಆಮೇಲೆ ಎಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ಅನುಕೂಲ ಬಹಳವಾಯಿತು, ಯಾವ ಊರಲ್ಲಿ ಕುಳಿತರೂ ಪಹಣಿ ಸಿಗುತ್ತದೆ. ಅದರ ಜೊತೆಗೇ ‘ಸರ್ವರ್ ಡೌನ್’ ಎಂಬುದು ಅಕ್ಷರ ಬಾರದವರ ಬಾಯಲ್ಲೂ ಆಡುವ ಕನ್ನಡವಾಯಿತು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆಯ ಮೇಲೆ ಸುಳ್ಳು ಕೋರಿಕೆಗಳ ಮಳೆ ಸುರಿಸಿ ಅದನ್ನು ಮಲಗಿಸಿದಾಗ ರಾಜ್ಯದ ಉಪನೋಂದಣಿ ಕಚೇರಿಗಳೆಲ್ಲ ಒಟ್ಟಿಗೇ ಕುಂಟಿದವು.

ಸಹಕಾರಿ ಬ್ಯಾಂಕುಗಳಿಗೆ ಇದಕ್ಕೂ ಹತ್ತಿರದ ಪಾಠವಿದೆ. 2024ರ ಜುಲೈ 31ರಂದು, ಸಣ್ಣ ಬ್ಯಾಂಕುಗಳಿಗೆ ಕೋರ್ ಬ್ಯಾಂಕಿಂಗ್ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್, ದತ್ತಾಂಶ ಒತ್ತೆಯಿಟ್ಟು ಹಣ ಕೇಳುವ ರಾನ್ಸಮ್‌ವೇರ್ ದಾಳಿಗೆ ಸಿಕ್ಕಿದ ಸುದ್ದಿ ಹೊರಬಿತ್ತು. ಸೋಂಕು ಹರಡದಿರಲೆಂದು, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಆ ಕಂಪನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತಿತು. ಆ ಬ್ಯಾಂಕುಗಳು ಮಾಡಿದ ತಪ್ಪೇನೂ ಇರಲಿಲ್ಲ. ಇದನ್ನು ಹೇಳಿ ‘ನೋಡಿ, ಕ್ಲೌಡ್ ನಂಬಬೇಡಿ’ ಎಂದು ಮೇಜು ಕುಟ್ಟುವುದು ಸುಲಭ. ಪೂರ್ತಿ ಪ್ರಾಮಾಣಿಕವಲ್ಲ, ಅಷ್ಟೆ: ಮರುದಿನವೇ ಆ ಸಂಪರ್ಕ ಮರಳಿತು, ಏಕೆಂದರೆ ಅಲ್ಲಿ ಕೆಲಸ ಬಲ್ಲವರು ಇದ್ದರು. ಅದೇ ದಾಳಿ ಸಿಂಧನೂರಿನ ಟೇಬಲ್ಲಿನ ಕೆಳಗಿನ ಪಿಸಿಗೆ ಆಗಿದ್ದರೆ ಮರುದಿನ ಬಿಡಿ, ಮರುವರ್ಷವೂ ಲೆಕ್ಕ ಕೂಡಿಬರುತ್ತಿರಲಿಲ್ಲ.

ಹಾಗಾಗಿ ನನ್ನ ತೀರ್ಪು ಎರಡೂ ಕಡೆಯವರಿಗೆ ಪೂರ್ತಿ ರುಚಿಸಲಾರದು. ಕೋರ್ ಬ್ಯಾಂಕಿಂಗ್ ಈಗಾಗಲೇ ಹೊರಗೆ ಇದ್ದರೆ ಅದು ಅಲ್ಲೇ ಇರಲಿ. ಟ್ಯಾಲಿ, ಸ್ಕ್ಯಾನ್ ಮಾಡಿದ ಸಾಲಪತ್ರಗಳು, ಪಿಗ್ಮಿ ಏಜೆಂಟರು ಸಂಜೆ ತಂದು ಜೋಡಿಸುವ ಯಂತ್ರಗಳ ಲೆಕ್ಕ, ಹಳೆಯ ಲೆಡ್ಜರಿನ ದತ್ತಾಂಶ ಇವಕ್ಕೆ ಊರಲ್ಲೇ ಸರ್ವರ್ ಬೇಕು, ಏಕೆಂದರೆ ಹೆದ್ದಾರಿ ಅಗಲ ಮಾಡುವ ಜೆಸಿಬಿ ಫೈಬರ್ ಕೇಬಲನ್ನು ಕೇಳಿ ಕತ್ತರಿಸುವುದಿಲ್ಲ. ಸಿಂಧನೂರಿನಲ್ಲಿ ಎರಡು ಯಂತ್ರ, ಲಿಂಗಸುಗೂರಿನಲ್ಲಿ ಒಂದು. ಮಸ್ಕಿಯಲ್ಲಿ ಸರ್ವರ್ ಬೇಡ. ನಾಲ್ಕು ಕಂಪ್ಯೂಟರಿನ ಶಾಖೆ ಸಿಂಧನೂರಿನ ಯಂತ್ರಕ್ಕೆ ಸಂಪರ್ಕ ಪಡೆದು ಕೆಲಸ ಮಾಡಲಿ, ಲೈನ್ ಹೋದರೆ ಮೊಬೈಲ್ ಡಾಂಗಲ್ ಹಾಕಲಿ. ಮಸ್ಕಿಗೆ ಬೇರೆ ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಲೈಸೆನ್ಸ್. ಬಹಳ ವರ್ಷ ವರ್ಚುವಲೈಸೇಷನ್ ಎಂಬ ಮಾತಿಗೆ ವಿಎಂವೇರ್ ಎಂಬ ಒಂದೇ ಹೆಸರಿತ್ತು. ಅದರ ಉಚಿತ ಇಎಸ್‌ಎಕ್ಸ್‌ಐ ಆವೃತ್ತಿಯನ್ನು ಹಾಕಿಕೊಟ್ಟು ಹೋಗುವುದು ಸಣ್ಣ ವೆಂಡರ್‌ಗಳ ರೂಢಿ. ಅದರಲ್ಲಿ ಬ್ಯಾಕಪ್ ಸಾಫ್ಟ್‌ವೇರ್‌ಗಳಿಗೆ ಬೇಕಾದ ಬಾಗಿಲು ಮುಚ್ಚಿರುತ್ತಿತ್ತು ಎಂಬುದನ್ನು ಹೇಳುವವರು ಕಡಿಮೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. ಡಿಸೆಂಬರ್‌ನಲ್ಲಿ, ಒಮ್ಮೆ ಕೊಂಡರೆ ಸದಾ ನಿಮ್ಮದಾಗುವ ಲೈಸೆನ್ಸುಗಳ ಮಾರಾಟ ನಿಂತಿತು. ಇನ್ನು ಮೇಲೆ ಚಂದಾ ಮಾತ್ರ, ಅದೂ ಕೋರ್ ಲೆಕ್ಕದಲ್ಲಿ, ಪ್ರತಿ ಪ್ರೊಸೆಸರಿಗೆ ಕನಿಷ್ಠ 16 ಕೋರ್ ಹಿಡಿದು. ನಿಮ್ಮ ಪ್ರೊಸೆಸರಿನಲ್ಲಿ ಎಂಟೇ ಕೋರ್ ಇದ್ದರೂ ಹದಿನಾರರದ್ದೇ ಕಟ್ಟಬೇಕು. 2024ರ ಫೆಬ್ರವರಿಯಲ್ಲಿ ಉಚಿತ ಆವೃತ್ತಿಯೂ ಹೋಯಿತು. 2025ರ ಏಪ್ರಿಲ್‌ನಲ್ಲಿ ಸದ್ದಿಲ್ಲದೆ ಮರಳಿ ಬಂತು. ನಾಳೆ ಮತ್ತೆ ಹೋಗುವುದಿಲ್ಲವೆಂಬ ಖಾತ್ರಿ ಯಾರದು?

ಚಂದಾ ಪದ್ಧತಿಯ ಬಗ್ಗೆ ಈ ಭಾಗದವರಿಗೆ ಬೇರೆಯವರಿಗಿಲ್ಲದ ಒಂದು ತಕರಾರಿದೆ. ಇಲ್ಲಿಯ ವ್ಯಾಪಾರ ಕಾಲುವೆಯ ನೀರನ್ನು ನೋಡಿ ನಡೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಅಂಗಡಿ ಸಾಲು ಹೇಗೆ ಮುಖ ಬಾಡಿಸಿಕೊಂಡಿತ್ತೆಂದು ಕಂಡವರಿಗೆ ಗೊತ್ತು. ಎರಡನೇ ಬೆಳೆಗೆ ನೀರಿಲ್ಲದ ವರ್ಷ ಸಾಲ ವಸೂಲಿ ಕುಗ್ಗುತ್ತದೆ, ಗೊಬ್ಬರದ ಉದ್ದರಿ ಹಾಗೇ ಉಳಿಯುತ್ತದೆ, ಸಂಘ ಖರ್ಚಿಗೆ ಕತ್ತರಿ ಹಾಕುತ್ತದೆ. ಕೊಂಡ ವಸ್ತುವಾದರೆ ಆ ವರ್ಷ ಹಳೆಯದರಲ್ಲೇ ದೂಡಬಹುದು. ಚಂದಾಕ್ಕೆ ಬರಗಾಲ ಗೊತ್ತಿಲ್ಲ. ಕಟ್ಟದಿದ್ದರೆ ಅಪ್‌ಡೇಟೂ ಇಲ್ಲ, ಬೆಂಬಲವೂ ಇಲ್ಲ.

ಮೈಕ್ರೋಸಾಫ್ಟಿನ ಹೈಪರ್-ವಿ ಮಧ್ಯಮ ದಾರಿ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಯನ್ನು ಎಲ್ಲ ಕೋರ್‌ಗಳಿಗೂ ಸರಿಯಾಗಿ ಕೊಂಡಿದ್ದರೆ ಅದರ ಮೇಲೆ ಎರಡು ವಿಂಡೋಸ್ ವರ್ಚುವಲ್ ಯಂತ್ರ ನಡೆಸುವ ಹಕ್ಕು ಬರುತ್ತದೆ. ಹೈಪರ್-ವಿಗೆ ಬೇರೆ ದುಡ್ಡಿಲ್ಲ. ಸಂಪರ್ಕಿಸುವ ಪ್ರತಿಯೊಬ್ಬರಿಗೂ ಕ್ಯಾಲ್ ಎಂಬ ಪ್ರವೇಶ ಪರವಾನಗಿ, ರಿಮೋಟ್ ಡೆಸ್ಕ್‌ಟಾಪಿನಲ್ಲಿ ಟ್ಯಾಲಿ ತೆರೆಯುವವರಿಗೆ ಅದರ ಮೇಲೆ ಇನ್ನೊಂದು ಎಂಬುದನ್ನು ಮಾತ್ರ ಮರೆಯಬಾರದು. ಪ್ರತ್ಯೇಕವಾಗಿ ಉಚಿತವಾಗಿ ಸಿಗುತ್ತಿದ್ದ ಹೈಪರ್-ವಿ ಸರ್ವರ್ 2019ರ ಆವೃತ್ತಿಗೇ ನಿಂತಿತು.

ಇಲ್ಲಿ ಒಂದು ಮಾತನ್ನು ನುಂಗಿಕೊಳ್ಳದೆ ಹೇಳಬೇಕು. ನಮ್ಮ ಊರುಗಳಲ್ಲಿ ಎಷ್ಟೋ ಕಡೆ ‘ಕಮ್ಮಿ ರೇಟಿನ ಸರ್ವರ್’ ಎಂದರೆ ಕ್ರ್ಯಾಕ್ ಮಾಡಿದ ವಿಂಡೋಸ್ ಸರ್ವರ್ ಎಂದೇ ಅರ್ಥ. ಕೊಟೇಷನ್ನಿನಲ್ಲಿ ‘ಓಎಸ್ ಲೋಡಿಂಗ್’ ಎಂದು ಒಂದು ಸಣ್ಣ ಮೊತ್ತ ಇರುತ್ತದೆ, ಅಷ್ಟೆ. ಆ್ಯಕ್ಟಿವೇಟರ್ ಓಡಿಸಲು ಆ್ಯಂಟಿವೈರಸ್ ಆರಿಸುತ್ತಾರೆ, ಮತ್ತೆ ಹಾಕಲು ಮರೆಯುತ್ತಾರೆ. ಸದಸ್ಯರ ಠೇವಣಿಯ ಲೆಕ್ಕ ಇಡುವ ಯಂತ್ರಕ್ಕೆ ಯಾರೋ ಗುರುತಿಲ್ಲದವರು ಬರೆದ ಪ್ರೋಗ್ರಾಮಿಗೆ ಪೂರ್ತಿ ಅಧಿಕಾರ ಕೊಟ್ಟು ಓಡಿಸಿದ ಮೇಲೆ ಸುರಕ್ಷತೆಯ ಮಾತು ಆಡಿ ಏನು ಬಂತು? ಕಾನೂನಿನ ಮಾತು ಬದಿಗಿಡಿ, ಇದು ಬರೀ ವ್ಯವಹಾರ ಜ್ಞಾನ.

ಕದ್ದದ್ದಕ್ಕೂ ತುಟ್ಟಿಯದಕ್ಕೂ ನಡುವೆ ನ್ಯಾಯವಾದ ಉಚಿತ ದಾರಿಯಿದೆ. ಲಿನಕ್ಸ್ ಕರ್ನಲ್ಲಿನೊಳಗೇ 2007ರಿಂದ ಕೆವಿಎಂ ಎಂಬ ವರ್ಚುವಲೈಸೇಷನ್ ಇದೆ. ಗೂಗಲ್ ಕ್ಲೌಡ್ ನಿಂತಿರುವುದೂ ಅದರ ಮೇಲೇ, ಆದ್ದರಿಂದ ‘ಬಿಟ್ಟಿಯದು ಬಡಕಲು’ ಎನ್ನುವಂತಿಲ್ಲ. ಅದಕ್ಕೆ ಬ್ರೌಸರಿನಲ್ಲಿ ನಡೆಸಬಹುದಾದ ಮುಖ ಕೊಟ್ಟದ್ದು ವಿಯೆನ್ನಾದ ಪ್ರಾಕ್ಸ್‌ಮಾಕ್ಸ್. 2008ರಿಂದ ಬರುತ್ತಿರುವ ಮುಕ್ತ ತಂತ್ರಾಂಶ; ದುಡ್ಡು ಕೊಟ್ಟವರಿಗೂ ಕೊಡದವರಿಗೂ ಸೌಲಭ್ಯಗಳು ಅವೇ. ಚಂದಾ ಇಲ್ಲದಿದ್ದರೆ ಲಾಗಿನ್ ಆದಾಗಲೆಲ್ಲ ‘ನಿಮಗೆ ಮಾನ್ಯ ಚಂದಾ ಇಲ್ಲ’ ಎಂಬ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದನ್ನು ಕಂಡ ಗುಮಾಸ್ತರು ‘ಸರ, ಲೈಸೆನ್ಸ್ ಇಲ್ಲಂತ ಬರಾಕತ್ತೈತ್ರಿ, ಇದು ಡೂಪ್ಲಿಕೇಟ್ ಏನ್ರಿ?’ ಎಂದು ಫೋನ್ ಮಾಡುತ್ತಾರೆ. ಅಸಲಿ ವಸ್ತುವಿನ ಬಗ್ಗೆ ಈ ಸಂಶಯ ಬರುವುದು, ಕ್ರ್ಯಾಕ್ ಮಾಡಿದ್ದರ ಬಗ್ಗೆ ಎಂದೂ ಬಾರದಿರುವುದು ನನಗೆ ಸದಾ ತಮಾಷೆಯಾಗಿ ಕಾಣುತ್ತದೆ. ಫ್ರಾನ್ಸಿನ ಎಕ್ಸ್‌ಸಿಪಿ-ಎನ್‌ಜಿ ಕೂಡ ಒಳ್ಳೆಯದೇ. ಆದರೆ ಅದನ್ನು ಬಲ್ಲವರು ಇಲ್ಲಿ ಇನ್ನೂ ವಿರಳ.

ಇಷ್ಟು ಹೇಳಿದ ಮೇಲೂ ಲೈಸೆನ್ಸ್ ಈ ಲೆಕ್ಕದ ದೊಡ್ಡ ಭಾಗವಲ್ಲ ಎಂಬುದೇ ನನ್ನ ಅನಿಸಿಕೆ. ವಿದ್ಯುತ್ತಿನದು ದೊಡ್ಡದು. ಸಾಫ್ಟ್‌ವೇರ್ ಬಿಟ್ಟಿ ಎಂದಾದ ಕೂಡಲೇ ಯಂತ್ರದಲ್ಲೂ ಉಳಿಸೋಣ ಎನ್ನುವ ಆಸೆ ಬರುತ್ತದೆ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ರ‍್ಯಾಕ್ ಸರ್ವರ್‌ಗಳು ಅಲ್ಲಿಯ ಎಸ್.ಪಿ. ರೋಡಿನಲ್ಲಿ ಕಣ್ಣು ಕುಕ್ಕುವಂತೆ ಸಿಗುತ್ತವೆ: ಎರಡು ಪ್ರೊಸೆಸರ್, ರಾಶಿ ಮೆಮೊರಿ, ಹೊಸ ಪಿಸಿಯ ಬೆಲೆ. ಅಂಥದ್ದೊಂದು ಸುಮಾರು 250 ವ್ಯಾಟ್ ಎಳೆದರೆ ದಿನಕ್ಕೆ 6 ಯೂನಿಟ್, ವರ್ಷಕ್ಕೆ 2,190. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 17,520, ಐದು ವರ್ಷಕ್ಕೆ 87,600 ರೂಪಾಯಿ. ಅದೇ ಕೆಲಸವನ್ನು 40 ವ್ಯಾಟಿನಲ್ಲಿ ಮಾಡುವ ಸಣ್ಣ ಯಂತ್ರ ಐದು ವರ್ಷದಲ್ಲಿ ತಿನ್ನುವುದು 14,000 ರೂಪಾಯಿಯ ಆಸುಪಾಸು. ವ್ಯತ್ಯಾಸದ ದುಡ್ಡಿಗೆ ಇನ್ನೊಂದು ಸಣ್ಣ ಯಂತ್ರವೇ ಬರುತ್ತದೆ. ಅದೂ ಅಲ್ಲದೆ, ಎಳೆದ ವಿದ್ಯುತ್ತೆಲ್ಲ ಬಿಸಿಯಾಗಿ ಕೋಣೆಗೇ ಬೀಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟುವ ಜಿಲ್ಲೆ ಇದು. ರ‍್ಯಾಕ್ ಸರ್ವರಿಗೆ ಎಸಿ ಬೇಕು, ಎಸಿಗೆ ಜನರೇಟರ್ ಬೇಕು, ಜನರೇಟರಿಗೆ ಡೀಸೆಲ್. ಅದರ ಫ್ಯಾನಿನ ಸದ್ದಿಗೆ ಬೇಸತ್ತ ಕ್ಯಾಷಿಯರ್ ಅದನ್ನು ಗಾಳಿಯಾಡದ ದಾಸ್ತಾನು ಕೋಣೆಗೆ ಸಾಗಿಸುತ್ತಾರೆ, ಅಲ್ಲಿ ಅದು ಬೆಂದು ಸಾಯುತ್ತದೆ.

ನನ್ನ ಆಯ್ಕೆ ಸಣ್ಣ ಟವರ್ ಸರ್ವರ್: ಒಂದೇ ಪ್ರೊಸೆಸರ್, ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿ, ಜೋಡಿ ಡಿಸ್ಕ್. ತೀರಾ ಅಗ್ಗದ ಗ್ರಾಹಕ ದರ್ಜೆಯ ಎಸ್‌ಎಸ್‌ಡಿ ಮಾತ್ರ ಹಾಕಬಾರದು. ದಿಢೀರ್ ಕರೆಂಟು ಹೋದಾಗ ಬರೆಯುತ್ತಿದ್ದುದನ್ನು ಮುಗಿಸುವಷ್ಟು ಶಕ್ತಿಯನ್ನು ಕೂಡಿಟ್ಟುಕೊಳ್ಳುವ ಸಣ್ಣ ಏರ್ಪಾಡು ಅವುಗಳಲ್ಲಿ ಇರುವುದಿಲ್ಲ, ಮತ್ತು ಹಲವು ವರ್ಚುವಲ್ ಯಂತ್ರಗಳ ಎಡೆಬಿಡದ ಬರವಣಿಗೆಗೆ ಅವು ಬೇಗ ಸವೆಯುತ್ತವೆ.

ಕರೆಂಟಿನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ಕೊಟೇಷನ್ ಬರೆಯುವವರು ಅದನ್ನು ಮುಟ್ಟುವುದೇ ಇಲ್ಲ. ಇಲ್ಲಿ ಬಹಳ ಶಾಖೆಗಳಲ್ಲಿ ಇರುವುದು ಮನೆಯ ಇನ್ವರ್ಟರ್, 150 ಆಂಪಿಯರ್-ಅವರ್ ಬ್ಯಾಟರಿ. ಕಾಗದದ ಮೇಲೆ ಅದು 250 ವ್ಯಾಟನ್ನು ಐದೂವರೆ ತಾಸು ಹೊರುತ್ತದೆ. ಎರಡು ಬೇಸಿಗೆ ಕಂಡ ಬ್ಯಾಟರಿಯಲ್ಲಿ ಅದರ ಅರ್ಧವೂ ಕಷ್ಟ. ತೊಂದರೆ ಅಷ್ಟೇ ಅಲ್ಲ. ಇಂಥ ಇನ್ವರ್ಟರಿಗೂ ಸರ್ವರಿಗೂ ನಡುವೆ ಮಾತುಕತೆಯ ತಂತಿ ಇರುವುದಿಲ್ಲ. ಕರೆಂಟು ಹೋಗಿದೆ, ಬ್ಯಾಟರಿ ತಳ ಕಾಣುತ್ತಿದೆ ಎಂಬುದು ಸರ್ವರಿಗೆ ತಿಳಿಯದೆ, ಅದು ಕೊನೆಯ ಕ್ಷಣದವರೆಗೂ ಲೆಕ್ಕ ಬರೆಯುತ್ತಲೇ ಇದ್ದು ತಟ್ಟನೆ ಸಾಯುತ್ತದೆ. ಯುಎಸ್‌ಬಿ ತಂತಿಯಿರುವ ಸಣ್ಣ ಯುಪಿಎಸ್ ಒಂದನ್ನು ಇನ್ವರ್ಟರಿನ ನಂತರ ಜೋಡಿಸಿದರೆ ಲಿನಕ್ಸಿನ ಉಚಿತ ಪ್ರೋಗ್ರಾಂ ಒಂದು ಬ್ಯಾಟರಿಯ ಮೇಲೆ ಕಣ್ಣಿಟ್ಟು, ಎಲ್ಲ ವರ್ಚುವಲ್ ಯಂತ್ರಗಳನ್ನು ಕ್ರಮವಾಗಿ ಮುಚ್ಚುತ್ತದೆ. ಜೆಸ್ಕಾಂ ಲೈನು ನಡುರಾತ್ರಿ ಹೋದರೂ ಬೆಳಿಗ್ಗೆ ಟ್ಯಾಲಿಯ ಕಡತ ಹಾಳಾಗಿರುವುದಿಲ್ಲ. ಈ ಯುಪಿಎಸ್ಸಿನ ದುಡ್ಡು ಉಳಿಸಿದವರು ಬೇರೆಲ್ಲೂ ಉಳಿಸಿಲ್ಲ.

ಅಗ್ಗದ ಹಳೆಯ ಯಂತ್ರದ ಆಸೆ ಒಂದಾದರೆ, ಎರಡನೆಯ ಆಸೆ ಕ್ಲಸ್ಟರಿನದು. ಮೂರು ಊರು, ಮೂರು ಸರ್ವರ್, ಮೂರನ್ನೂ ಜೋಡಿಸಿದರೆ ಒಂದು ಬಿದ್ದಾಗ ಅದರ ಕೆಲಸವನ್ನು ಇನ್ನೊಂದು ತಾನಾಗಿಯೇ ಎತ್ತಿಕೊಳ್ಳುತ್ತದೆ ಎಂದು ವೆಂಡರ್ ಚಿತ್ರ ಬರೆದು ತೋರಿಸುತ್ತಾರೆ. ಸಭೆಯಲ್ಲಿ ಚಪ್ಪಾಳೆ ಬೀಳುವುದು ಈ ಚಿತ್ರಕ್ಕೇ. ಪ್ರಾಕ್ಸ್‌ಮಾಕ್ಸಿನಲ್ಲಿ ಇದು ಉಚಿತ ಬೇರೆ. ಆದರೆ ಕ್ಲಸ್ಟರ್ ಬಹುಮತದ ಮೇಲೆ ನಿಂತ ವ್ಯವಸ್ಥೆ. ಮೂರು ಯಂತ್ರಗಳಲ್ಲಿ ಎರಡಾದರೂ ಒಂದನ್ನೊಂದು ಕಾಣುತ್ತಿರಬೇಕು, ಅವುಗಳ ನಡುವಿನ ಸಂದೇಶ ಐದು ಮಿಲಿಸೆಕೆಂಡಿನೊಳಗೆ ಮುಟ್ಟುತ್ತಿರಬೇಕು. ಒಂದೇ ಕೋಣೆಯ ಸ್ವಿಚ್ಚಿಗೆ ಇದು ಲೆಕ್ಕಕ್ಕಿಲ್ಲ. ಊರಿಂದೂರಿಗೆ ಹೋಗುವ ಬ್ರಾಡ್‌ಬ್ಯಾಂಡಿನಲ್ಲಿ ದಿನವಿಡೀ ಹೀಗೆ ನಡೆಯುವ ಭರವಸೆಯಿಲ್ಲ. ಲಿಂಗಸುಗೂರಿನ ಫೈಬರ್ ತುಂಡಾಯಿತು ಎನ್ನಿ. ಅಲ್ಲಿನ ಸರ್ವರಿಗೆ ಯಾವ ಕಾಯಿಲೆಯೂ ಇಲ್ಲ, ಶಾಖೆಯ ಜನ ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಆದರೆ ಅದಕ್ಕೀಗ ಬಹುಮತವಿಲ್ಲ. ತಾನಾಗಿ ಎತ್ತಿಕೊಳ್ಳುವ ಆ ಸೌಲಭ್ಯವನ್ನು ಚಾಲೂ ಇಟ್ಟಿದ್ದರೆ, ಒಂದೇ ಲೆಕ್ಕವನ್ನು ಎರಡು ಕಡೆ ಬರೆಯುವ ಅನಾಹುತ ಆಗದಿರಲೆಂದು ಸುಮಾರು ಒಂದು ನಿಮಿಷದಲ್ಲಿ ಆ ಸರ್ವರ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ಎದ್ದ ಮೇಲೂ ಬಹುಮತ ಬರುವವರೆಗೆ ಒಳಗಿನ ಯಂತ್ರಗಳನ್ನು ಓಡಿಸಲು ಒಲ್ಲೆನ್ನುತ್ತದೆ. ಎಲ್ಲೋ ರಸ್ತೆಬದಿ ಕೇಬಲ್ ಕತ್ತರಿಸಿದ್ದಕ್ಕೆ ಲಿಂಗಸುಗೂರಿನ ಕೌಂಟರ್ ಬಂದ್.

ಆದ್ದರಿಂದ ಊರುಗಳ ನಡುವೆ ಕ್ಲಸ್ಟರ್ ಬೇಡವೇ ಬೇಡ. ಸಿಂಧನೂರಿನ ಎರಡು ಯಂತ್ರಗಳನ್ನೂ ಬಿಡಿಬಿಡಿಯಾಗಿಯೇ ಇಡುವುದು ನನಗೆ ಇಷ್ಟ. ಒಂದರ ಪ್ರತಿ ರಾತ್ರಿ ಇನ್ನೊಂದಕ್ಕೆ ಹೋಗಲಿ. ಕೆಟ್ಟಾಗ ಕೈಯಿಂದ ಎತ್ತಿ ಓಡಿಸಲಿ. ಇದರಲ್ಲಿ ಅರ್ಧ ತಾಸು ಹೋಗುತ್ತದೆ, ಆ ದಿನದ ಕೆಲವು ವೋಚರ್‌ಗಳನ್ನು ಮತ್ತೆ ಬರೆಯಬೇಕಾಗಬಹುದು. ಪತ್ತಿನ ಸಂಘ ಅಷ್ಟನ್ನು ತಾಳಿಕೊಳ್ಳುತ್ತದೆ. ತಾಳಿಕೊಳ್ಳಲಾಗದ್ದು, ಏಕೆ ನಿಂತಿತೆಂದು ಊರಲ್ಲಿ ಯಾರಿಗೂ ತಿಳಿಯದಿರುವುದು.

ಮಸ್ಕಿಯ ಕೆಲಸ ಈಗ. ಎರಡೂ ಊರಿಗೆ ನಡುವೆ ಇರುವುದರಿಂದ ಬ್ಯಾಕಪ್ ಪ್ರತಿಗಳನ್ನು ಇಡಲು ಅದೇ ಹದವಾದ ಜಾಗ. ಒಂದು ಸಣ್ಣ ಪೆಟ್ಟಿಗೆ, ಎರಡು ದೊಡ್ಡ ಹಾರ್ಡ್‌ಡಿಸ್ಕ್, ಅದರ ಮೇಲೆ ಪ್ರಾಕ್ಸ್‌ಮಾಕ್ಸಿನದೇ ಉಚಿತ ಬ್ಯಾಕಪ್ ಸರ್ವರ್. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೆ ತಾಸಿಗೆ 9 ಜಿಬಿ ಹೋಗುತ್ತದೆ. ಮೊದಲ ಪೂರ್ತಿ ಪ್ರತಿ 500 ಜಿಬಿ ಇದ್ದರೆ ಲೈನಿನಲ್ಲಿ 55 ತಾಸು. ಡಿಸ್ಕಿನಲ್ಲಿ ತುಂಬಿಕೊಂಡು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಒಯ್ದರೆ ಒಂದು ತಾಸು. ಅಲ್ಲಿಂದಾಚೆಗೆ ಬದಲಾದ ತುಣುಕುಗಳು ಮಾತ್ರ ಹೋಗುವುದರಿಂದ ದಿನದ ಮೂರು–ನಾಲ್ಕು ಜಿಬಿ ಊಟದ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಒಂದು ಷರತ್ತು: ಮಸ್ಕಿಯ ಪೆಟ್ಟಿಗೆ ತಾನೇ ಬಂದು ಪ್ರತಿ ಎಳೆದುಕೊಳ್ಳಬೇಕು, ಸಿಂಧನೂರಿನ ಯಂತ್ರಕ್ಕೆ ಅಲ್ಲಿ ಅಳಿಸುವ ಅಧಿಕಾರ ಇರಬಾರದು. ರಾನ್ಸಮ್‌ವೇರ್ ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ತಿಂಗಳಿಗೊಂದು ಪ್ರತಿ ತಂತಿಯಿಲ್ಲದ ಡಿಸ್ಕಿನಲ್ಲಿ ಸ್ಟ್ರಾಂಗ್ ರೂಮಿನೊಳಗೆ ಬಂಗಾರದ ಪಕ್ಕದಲ್ಲಿ ಕೂರಲಿ.

ಬ್ಯಾಕಪ್ ಇದೆ ಎನ್ನುವುದು ಬೇರೆ, ಅದು ಏಳುತ್ತದೆ ಎನ್ನುವುದು ಬೇರೆ. ತಿಂಗಳಲ್ಲಿ ಒಂದು ಭಾನುವಾರ ಇದನ್ನು ಪರೀಕ್ಷಿಸುವ ಸಂಘಗಳಲ್ಲಿ ಕೆಲಸ ಹೀಗೆ ನಡೆಯುತ್ತದೆ. ಹುಡುಗ ಕ್ಯಾಷ್ ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಶನಿವಾರ ರಾತ್ರಿಯ ಪ್ರತಿಯನ್ನು ಹೊಸ ನಂಬರಿನಲ್ಲಿ ಇಳಿಸುತ್ತಾನೆ. ಅಸಲಿ ಯಂತ್ರದೊಡನೆ ಜಗಳಕ್ಕೆ ಬೀಳದಂತೆ ಅದರ ನೆಟ್‌ವರ್ಕ್ ಕಿತ್ತಿಡುತ್ತಾನೆ. ಪರದೆಯ ಮೇಲೆ ವಿಂಡೋಸ್ ಏಳುತ್ತದೆ. ಟ್ಯಾಲಿ ತೆರೆದು ಡೇ ಬುಕ್ಕಿಗೆ ಹೋಗಿ, ಕೊನೆಯ ವೋಚರಿನ ನಂಬರನ್ನೂ ಕೈಯಲ್ಲಿನ ನಗದು ಶಿಲ್ಕನ್ನೂ, ಮ್ಯಾನೇಜರ್ ಶನಿವಾರ ಸಂಜೆ ಪ್ರಿಂಟ್ ತೆಗೆದು ಸಹಿ ಮಾಡಿದ ಹಾಳೆಯೊಡನೆ ಹೋಲಿಸುತ್ತಾನೆ. ಎರಡೂ ಕೂಡಿದರೆ ಹಾಳೆಯ ಮೂಲೆಗೆ ಟಿಕ್. ಪ್ರತಿಯನ್ನು ಅಳಿಸಿ ಮನೆಗೆ ಹೋಗುತ್ತಾನೆ. ಈ ಟಿಕ್ ಇಲ್ಲದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ಆ ಹುಡುಗ ಯಾರು ಎಂಬುದೇ ಉಳಿದ ಪ್ರಶ್ನೆ. ಸಿಂಧನೂರು, ಲಿಂಗಸುಗೂರಿನ ಪದವಿ ಕಾಲೇಜುಗಳಿಂದ, ಡಿಪ್ಲೊಮಾದಿಂದ ಹೊರಬರುವ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಲ್ಲಿ ಉಳಿದವರು ಸಿಸಿಟಿವಿ ಜೋಡಿಸುತ್ತಾರೆ, ಪ್ರಿಂಟರ್ ರಿಪೇರಿ ಮಾಡುತ್ತಾರೆ, ಟ್ಯಾಲಿ ಬಲ್ಲರು. ಅವರಿಗೆ ಗೊತ್ತಿರುವುದು ವಿಂಡೋಸ್. ಇಲ್ಲಿ ನನ್ನ ಪ್ರಾಕ್ಸ್‌ಮಾಕ್ಸ್ ಪಕ್ಷಪಾತಕ್ಕೆ ನಾನೇ ಮಿತಿ ಹಾಕಿಕೊಳ್ಳಬೇಕು. ಲಿನಕ್ಸಿನ ಕಪ್ಪು ಪರದೆ ಕಂಡರೆ ಹಿಂದೆ ಸರಿಯುವವನೇ ಊರಲ್ಲಿ ಇರುವ ಒಬ್ಬನಾದರೆ, ನ್ಯಾಯವಾಗಿ ಕೊಂಡ ವಿಂಡೋಸ್ ಸರ್ವರ್ ಮತ್ತು ಹೈಪರ್-ವಿಯೇ ಆ ಸಂಘಕ್ಕೆ ಅಗ್ಗದ್ದು, ಲೈಸೆನ್ಸಿಗೆ ದುಡ್ಡು ಕೊಟ್ಟರೂ. ಬಲ್ಲವನೊಬ್ಬ ಇದ್ದರೆ, ಅಥವಾ ಕಲಿಯುವ ಹಟದವನಿದ್ದರೆ, ಪ್ರಾಕ್ಸ್‌ಮಾಕ್ಸ್. ಕಲಿಯಲು ಬೇಕಾದ್ದು ಹಳೆಯ ಪಿಸಿ ಒಂದು. ಸಾಫ್ಟ್‌ವೇರ್ ಹೇಗೂ ಬಿಟ್ಟಿ.

ಆಡಳಿತ ಮಂಡಳಿಯಲ್ಲಿ ಇದಕ್ಕೆ ಏಳುವ ಆಕ್ಷೇಪಣೆ ಒಂದೇ: ‘ಬಿಟ್ಟಿಯದಾದರೆ ನಾಳೆ ಏನಾದರೂ ಆದಾಗ ಯಾರ ಕುತ್ತಿಗೆ ಹಿಡಿಯೋದ್ರಿ?’ ಆಡಿಟರ್ ಎದುರು ಉತ್ತರ ಹೇಳಬೇಕಾದವರ ಮಾತು ಇದು, ತಳ್ಳಿಹಾಕುವಂಥದ್ದಲ್ಲ. ಆದರೆ ಕುತ್ತಿಗೆ ಹಿಡಿಯಲು ದೊಡ್ಡ ಕಂಪನಿ ಇದ್ದಾಗ ಆಗುವುದೇನು ಎಂದು ನೋಡಿ. ಎಂಟು–ಹತ್ತು ಕಂಪ್ಯೂಟರಿನ ಗಿರಾಕಿಯ ಫೋನು ಕಾಲ್ ಸೆಂಟರಿಗೆ ಹೋಗುತ್ತದೆ, ಅಲ್ಲಿಂದ ಟಿಕೆಟ್ ನಂಬರ್ ಬರುತ್ತದೆ. ಪ್ರಾಕ್ಸ್‌ಮಾಕ್ಸಿಗೂ ಚಂದಾ ಉಂಟು. ಅತಿ ಕೆಳಗಿನ ದರ್ಜೆಯದು ವರ್ಷಕ್ಕೆ ಒಂದು ಪ್ರೊಸೆಸರಿಗೆ ನೂರು ಯೂರೋ ಚಿಲ್ಲರೆ, ಅದರಲ್ಲಿ ಅಪ್‌ಡೇಟ್ ಸಿಗುತ್ತದೆ, ದೂರು ಕೊಡುವ ಸೌಲಭ್ಯವಿಲ್ಲ. ಅದಿರುವ ಮೇಲಿನ ದರ್ಜೆ ಕೊಂಡರೂ ಆಸ್ಟ್ರಿಯಾದ ಕಚೇರಿ ವೇಳೆಗೇ ಉತ್ತರ. ಸಿಂಧನೂರಿನಲ್ಲಿ ಹತ್ತು ಗಂಟೆಗೆ ಶಟರ್ ಏಳುವಾಗ ವಿಯೆನ್ನಾದಲ್ಲಿ ಚಳಿಗಾಲದ ಬೆಳಗಿನ ಐದೂವರೆ.

ಕೌಂಟರ್ ತೆರೆಯುವ ಹೊತ್ತಿಗೆ ಫೋನ್ ಎತ್ತುವ ಕುತ್ತಿಗೆ ಊರಲ್ಲೇ ಇರಬೇಕಾದರೆ ಅದಕ್ಕೆ ಸಂಬಳ ಕೊಡಬೇಕು. ಒಂದು ಸಂಘಕ್ಕೆ ಪೂರ್ಣಾವಧಿಯವರು ಹೊರೆಯಾದರೆ ಈ ರಸ್ತೆಯ ನಾಲ್ಕೈದು ಸಂಘಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಸಹಕಾರ ಎಂದು ಬೋರ್ಡಿನಲ್ಲೇ ಬರೆದುಕೊಂಡವರಿಗೆ ಇದು ಹೊಸ ಪಾಠವಲ್ಲ. ಕರಾರಿನಲ್ಲಿ ‘ವಾರ್ಷಿಕ ನಿರ್ವಹಣೆ’ ಎಂಬ ಮೋಡದಂಥ ಮಾತು ಬೇಡ. ತಿಂಗಳಿಗೊಮ್ಮೆ ಪ್ರತಿ ಎಬ್ಬಿಸಿ ತೋರಿಸಿ ಡೇ ಬುಕ್ ಹಾಳೆಗೆ ಸಹಿ ಮಾಡಬೇಕು, ಹಾಗೆ ಮಾಡಿದ ತಿಂಗಳಿಗೆ ಇಷ್ಟು, ಮಾಡದ ತಿಂಗಳಿಗೆ ಇಲ್ಲ ಎಂದು ಬರೆಯಲಿ. ಎಲ್ಲ ಪಾಸ್‌ವರ್ಡುಗಳೂ ಮೊಹರು ಹಾಕಿದ ಲಕೋಟೆಯಲ್ಲಿ ಕಾರ್ಯದರ್ಶಿಯ ವಶದಲ್ಲಿರಲಿ, ಏಕೆಂದರೆ ಆ ಹುಡುಗನೂ ಒಂದು ದಿನ ಬೆಂಗಳೂರಿನ ಬಸ್ಸು ಹತ್ತಬಹುದು. ಈ ಕರಾರಿನ ಮೊತ್ತವನ್ನು ಯಂತ್ರದ ಬೆಲೆಯ ಜೊತೆಗೇ ಐದು ವರ್ಷದ ಲೆಕ್ಕದಲ್ಲಿ ಕೂಡಿ, ಆಮೇಲೆ ಮೂರು ಕೊಟೇಷನ್ನುಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಕಡಿಮೆ ಮೊತ್ತದ ಕಾಗದ ಆಗ ಬೇರೆಯದೇ ಆಗಿರುವ ಸಾಧ್ಯತೆ ಹೆಚ್ಚು.